ಟಿಕೋಟಾದ ಆ ಹೊಸ್ತಿಲು

೧೯-೯-೧೯೬೫, ರವಿವಾರ. ವಿಜಾಪುರ.

ಸಾದಾ ಬಟ್ಟೆಯ ಆ ಪೊಲೀಸನ ಮಾತು ತಲೆಯಿಂದ ಇಳಿಯುತ್ತಿಲ್ಲ. ನಿನ್ನೆ ಬಬಲೇಶ್ವರದ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ. "ಊರೂರು ತಿರುಗಿ ರೈತರ ಸಂಘದ ಕರಪತ್ರ ಹಂಚಾಂವ ನೀ. ಟಿಕೋಟಾದಾಗ ಜಿಲಾನಿ ಮನಿಗಿ ಯಾರ್ಯಾರು ಬರ್ತಾರ, ಅಷ್ಟ ಹೇಳು. ಪಾಕಿಸ್ತಾನದ ಕೂಡ ಯುದ್ಧದ ಹೊತ್ತು, ದೇಶಸೇವಾ ಐತಿ."

ದೇಶವೆಂದರೆ ಪ್ರಾಣ ಕೊಡುವವನು ನಾನು. ಆದರೆ ಜಿಲಾನಿ ನನ್ನ ಗೆಳೆಯ, ನನ್ನ ಕೈಗೆ ಮೊದಲ ಕರಪತ್ರ ಕೊಟ್ಟವನೇ ಅವನು. "ಆಗೂದಿಲ್ರಿ" ಎಂದೆ.

ಇಂದು ಟಿಕೋಟಾಕ್ಕೆ ಹೋದೆ. ಚಪ್ಪಲಿ ಬಿಡುವಾಗ ಹೊಸ್ತಿಲ ಹೊರಗಿದ್ದ ಬೇರೆ ಚಪ್ಪಲಿಗಳನ್ನೇ ನೋಡುತ್ತ ನಿಂತುಬಿಟ್ಟೆ. ಯಾರವು? ಯಾವ ಊರಿನವು?

ಜಿಲಾನಿಯ ತಾಯಿ ಬಾನುಬಿ ನಕ್ಕರು. "ಯಾಕಲೇ ಪರಸ್ಯಾ, ಚಪ್ಪಲಿ ಕದಿಯಾಕ ಬಂದೀಯೇನು? ಒಳಗ ಬಾ, ರೊಟ್ಟಿ ಆರಾಕತ್ತಾವ."

ಬಂದಿದ್ದವರು ಅವರ ತಮ್ಮಂದಿರು, ಮಮದಾಪುರದವರು. ಎಂದಿನಂತೆ ಜಿಲಾನಿಯ ತಾಟಿನಲ್ಲೇ ಕೈಹಾಕಿ ಉಂಡೆ, ಅವರ ಮುಖಗಳನ್ನು ನೆನಪಿಟ್ಟುಕೊಳ್ಳುತ್ತ.

ಒಲ್ಲೆ ಎಂದರೂ ಆ ಪೊಲೀಸ ತನ್ನ ಕಣ್ಣನ್ನು ನನ್ನಲ್ಲಿ ಬಿಟ್ಟುಹೋಗಿದ್ದಾನೆ. ಬರೀ ಹಸಿವು ಹೊತ್ತು ಆ ಹೊಸ್ತಿಲು ದಾಟುತ್ತಿದ್ದೆನಲ್ಲ, ಹಾಗೆ ಇನ್ನೊಮ್ಮೆ ದಾಟಬೇಕು ಎಂದು ಜೀವ ಹಾತೊರೆಯುತ್ತಿದೆ.

ಜಿಲಾನಿಗೆ ಎಲ್ಲ ಹೇಳಿಬಿಡಲೇ? ಹೇಳಿದರೆ ಇನ್ನು ಮೇಲೆ ಅವನೂ ನನ್ನ ಕಣ್ಣು ನೋಡುತ್ತಲೇ ಉಣ್ಣುತ್ತಾನೆ. ಹೇಳದಿದ್ದರೆ ನಾನು ಅವನ ಹೊಸ್ತಿಲ ಚಪ್ಪಲಿ ಎಣಿಸುತ್ತಲೇ ಉಣ್ಣುತ್ತೇನೆ.