ಅಂಗಳದ ಕಡೆಯ ಕಿಟಕಿ

ಲೆಕ್ಕೊ, ಶುಕ್ರವಾರ ಬೆಳಿಗ್ಗೆ

ಪ್ರಿಯ ಡಾರಿಯೊ,

ನಿನ್ನೆ ಹನ್ನೊಂದು ಗಂಟೆಗೆ ಪಕ್ಕದ ಮನೆಯ ಮಿರೆಲ್ಲಾ ಅಂಗಳದ ಕಡೆಯ ಕಿಟಕಿಯಿಂದ ನಿನಗೆ ಕಾಫಿ ಕೊಟ್ಟಳು. ಹೇಳಿದ್ದು ಕೆಳಮನೆಯ ಝೀಟಜ್ಜಿ. "ನಿನ್ ಗಂಡಂಗೆ ಸರೋವರ ಬೇಜಾರಾಯ್ತೇನೇ ತಾಯಿ? ಈಗೆಲ್ಲಾ ಮಿರೆಲ್ಲಾ ಸೂರಿನ್ ಕೆಳಗೆ ಬಟ್ಟೆ ಒಣಗ್ಹಾಕೋದ್ನೇ ನೋಡ್ತಾ ಕೆಲಸ ಮಾಡ್ತಾನೆ," ಅಂದಳು.

ನೀನು ಮೇಜನ್ನು ಸರೋವರದ ಕಡೆಯಿಂದ ಅಂಗಳದ ಕಿಟಕಿಗೆ ಎಳೆದಾಗ, ನೀರಿನ ಮೇಲಿನ ಬಿಸಿಲು ಕಂಪ್ಯೂಟರ್ ಪರದೆಗೆ ಹೊಡೆಯುತ್ತದೆ ಎಂದಿದ್ದೆ. ಒಂಬತ್ತು ದಿನಗಳಿಂದ ಬಿಸಿಲೇ ಬಂದಿಲ್ಲ. ನಾನು ಮಿಲಾನ್ ರೈಲಿಗೆ ದಿನವೂ ಕೊಡೆ ಹಿಡಿದೇ ಹೋಗಿದ್ದೇನೆ.

ಮಧ್ಯಾಹ್ನಕ್ಕೆ ಮೆಕ್ಕೆಜೋಳದ ಪೊಲೆಂಟಾ ಇದೆ, ಬಿಸಿ ಮಾಡಿಕೊ. ಅವಳ ಕಪ್ ತೊಳೆದಿಟ್ಟಿದ್ದೇನೆ. ನೀನು ಕೊಡಲು ಹೋಗಬೇಡ, ಸಂಜೆ ಬಂದು ನಾನೇ ಕೊಡುತ್ತೇನೆ.

ಮನೆಯಿಂದ ಕೆಲಸ ಮಾಡಲು ನನ್ನ ಕಚೇರಿಯೂ ಒಪ್ಪಿದೆ. ಸೋಮವಾರ ಬೆಳಿಗ್ಗೆ ಎಂಟೂವರೆಗೆ, ನಿನ್ನ ಪಕ್ಕದ ಕುರ್ಚಿಯಲ್ಲಿ, ನನ್ನ ಮೊದಲ ಮೀಟಿಂಗ್.

ನಿನ್ನ
ಓರ್ನೆಲ್ಲಾ