ಅತ್ತೆ ಗುರುತಿಸದ ಸದ್ದು

ಭಂಡಿಗಡಿ
12-8-2004

ಚಿ. ದೀಪುವಿಗೆ,

ಫೋನ್ ಅತ್ತೆಯ ಮಂಚದ ಪಕ್ಕದಲ್ಲೇ ಇದೆ, ಅದಕ್ಕೆ ಬರೆಯುತ್ತಿದ್ದೇನೆ. ಕಾರು ಮಾರುವ ಮಾತು ಸದ್ಯಕ್ಕೆ ಬೇಡ.

ಇಂಜಿನ್ ಮಿಸ್ಸಿಂಗ್ ಹೊಡೆಯುತ್ತಿದೆ, ತಡೆದು ತಡೆದು ಸದ್ದು ಮಾಡುತ್ತದೆ. ಕೊಪ್ಪದಿಂದ ಮೆಕ್ಯಾನಿಕ್ ಮುಸವ್ವಿರ್ ಬಂದು ಪ್ಲಗ್ ಬಿಚ್ಚಿ ತೋರಿಸಿದರು. ಎಲ್ಲದಕ್ಕೂ ಮಸಿ ಹಿಡಿದಿದೆ. "ನಿಲ್ಸಿದಲ್ಲೇ ದಿನಾ ಸ್ಟಾರ್ಟ್ ಮಾಡಿ ಆಫ್ ಮಾಡಿದ್ರೆ ಹಿಂಗೇ ಆಗೋದು. ಯಾರಕ್ಕ ಮಾಡೋದು?" ಎಂದರು. ನಾನು ಕಾಫಿ ತರಲು ಒಳಗೆ ಹೋದೆ.

ನಿನ್ನ ಅಣ್ಣ ತೀರಿಕೊಂಡದ್ದು ಸಂಜೆಯಾದರೆ ಅತ್ತೆಗೆ ಮರೆತುಹೋಗುತ್ತದೆ. ಅವರ ಕಾರು ಬಂದ ಸದ್ದು ಕೇಳದೆ ಊಟಕ್ಕೆ ಏಳುವುದಿಲ್ಲ. ಅದಕ್ಕೇ ದಿನಾ ಶೆಡ್ಡಿಗೆ ಹೋಗಿ ಚೋಕ್ ಎಳೆದು ಸ್ಟಾರ್ಟ್ ಮಾಡುತ್ತಿದ್ದೆ. ಓಡಿಸಲು ನನಗೆ ಬರುವುದಿಲ್ಲವಲ್ಲ. ಈಗ ಈ ಸದ್ದು ಕೇಳಿ, "ಇದು ಯಾರದ್ದೋ ಗಾಡಿ, ನಮ್ಮ ಮಾಣಿ ಇನ್ನೂ ಬರ್ಲಿಲ್ಲ" ಎನ್ನುತ್ತಾರೆ. ಮೊನ್ನೆಯಿಂದ ರಾತ್ರಿ ಊಟವಿಲ್ಲ. ನನಗೂ ಸಾಕಾಗಿದೆ.

ಭಾನುವಾರ ಬಂದು ಹೊಸ ಪ್ಲಗ್ ಹಾಕಿಸು. ಶೃಂಗೇರಿವರೆಗೆ ಒಮ್ಮೆ ಓಡಿಸಿಕೊಂಡು ಬಾ. ಸಂಜೆ ವಾಪಸ್ ಬರುವಾಗ ಹಾರ್ನ್ ಹೊಡೆಯಬೇಡ, ನಿನ್ನ ಅಣ್ಣ ಹೊಡೆಯುತ್ತಿರಲಿಲ್ಲ. ಕಾರು ನಿಲ್ಲಿಸಿ ಸ್ವಲ್ಪ ಹೊತ್ತು ಹೊರಗೇ ಇರು. ಅತ್ತೆಯ ಊಟ ಮುಗಿದ ಮೇಲೆ ನಿನ್ನನ್ನು ಕರೆಯುತ್ತೇನೆ.

ನಿನ್ನ ಅತ್ತಿಗೆ,
ನಯನ