ಲೆನ್ಸಿನೊಳಗಿನ ಬೂಷ್ಟು

ಬಾಳೂರು
೧೨ ಏಪ್ರಿಲ್ ೧೯೯೯

ನನ್ನ ಮುದ್ದಿನ ದಿವಿ,

ಮೊದಲು ಮನಸಾರೆ ಬೈದುಬಿಡು, ಆಮೇಲೆ ಓದು. ನಿನ್ನ ಎರಡೂ ಪತ್ರ ಬಂದಿವೆ. ಪುಟ್ಟಿಯ ನಾಮಕರಣದ ಕಾರ್ಡನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿ ದಿನಾ ನೋಡುತ್ತಿದ್ದೇನೆ. ಉತ್ತರ ಬರೆಯಲು ಕೂತಾಗಲೆಲ್ಲ ‘ನಾವು ಚೆನ್ನಾಗಿದ್ದೇವೆ’ ಎಂಬ ಮೊದಲ ಸಾಲಿನಲ್ಲೇ ಪೆನ್ನು ನಿಂತುಬಿಡುತ್ತಿತ್ತು. ನನ್ನ ಕಾನ್ವೆಂಟ್ ಕನ್ನಡದಲ್ಲಿ ತಪ್ಪಿದ್ದರೆ ಹಾಸ್ಟೆಲಿನಲ್ಲಿ ತಿದ್ದುತ್ತಿದ್ದ ಹಾಗೆ ತಿದ್ದಿಕೋ.

ಡಿಸೆಂಬರಿನಲ್ಲಿ ಬರೆದ ಪತ್ರ ನೆನಪಿದೆಯಾ? ಮದುವೆಯಾಗಿ ಮೂರು ವಾರವಾಗಿತ್ತು. ಸಂಜೆ ಕಾಫಿ ಒಣಗಿಸುವ ಕಣದಲ್ಲಿ ನಿಂತಿದ್ದಾಗ ದಿಲೀಪ್, ‘ಬಲ್ಬಿನ ಸುತ್ತ ಕಾಮನಬಿಲ್ಲು ಕಾಣ್ತಿದೆ, ನೀನು ಬಂದ ಮೇಲೇ ನೋಡು’ ಅಂದಿದ್ದರು. ಇಂಥ ಮಾತಾಡುವ ಗಂಡ ಯಾರಿಗೆ ಸಿಗುತ್ತಾನೆ ಅಂತ ನಿನಗೆ ಎರಡು ಪುಟ ಕುಣಿದಿದ್ದೆನಲ್ಲ. ಆ ಪತ್ರ ಇನ್ನೂ ಇದ್ದರೆ ಹರಿದುಹಾಕು, ದಿವಿ.

ಕ್ಯಾಮೆರಾದ ವಿಷಯ ಹೇಳುತ್ತೇನೆ. ಇವರ ಹತ್ತಿರ ಒಂದು ದೊಡ್ಡ ಜಪಾನಿ ಕ್ಯಾಮೆರಾ ಇದೆ. ಇಟ್ಟಿಗೆಯ ಹಾಗೆ ಭಾರ, ಒಂದು ರೋಲಿಗೆ ಹನ್ನೆರಡೇ ಫೋಟೋ. ಮೇಲಿನ ಮುಚ್ಚಳ ತೆಗೆದು, ಪುಟ್ಟ ಭೂತಗನ್ನಡಿಗೆ ಬಲಗಣ್ಣು ಒತ್ತಿ, ಎಡಗಣ್ಣು ಮುಚ್ಚಿಕೊಂಡು ನೋಡುತ್ತಾರೆ. ಬೇಸಿಗೆಯ ಮೊದಲ ಮಳೆಗೆ ಇಲ್ಲಿ ಹೂಮಳೆ ಅಂತಾರೆ; ಅದು ಬಿದ್ದ ಒಂದು ವಾರಕ್ಕೆ ಇಡೀ ಕಾಫಿ ತೋಟ ಹೂಬಿಟ್ಟು ಒಮ್ಮೆಲೇ ಬೆಳ್ಳಗಾಗುತ್ತದೆ, ಎರಡು ಮೂರು ದಿನ ಇದ್ದು ಕಂದಿಹೋಗುತ್ತದೆ. ನಮ್ಮ ಮೊದಲ ವರ್ಷದ ಹೂವಿನಲ್ಲಿ ನನ್ನನ್ನು ಧಾರೆ ಸೀರೆಯಲ್ಲಿ ನಿಲ್ಲಿಸಿ ಫೋಟೋ ತೆಗೆಯಬೇಕು, ಅದಕ್ಕೆ ಮುಖ ಚೆನ್ನಾಗಿ ಬರುವ ಉದ್ದದ ಲೆನ್ಸ್ ಬೇಕು ಅಂತ ಇವರ ಆಸೆ. ಹೊಸದು ಎಲ್ಲಿ ಸಿಗಬೇಕು! ಆಲ್ದೂರಿನಲ್ಲಿ ಷಡಕ್ಷರಿಯವರು ಅಂತ ಹಳೇ ಸ್ಟುಡಿಯೋದವರಿದ್ದಾರೆ. ಬಾಗಿಲು ಹಾಕಿದ ಸ್ಟುಡಿಯೋಗಳಿಂದ ಲೆನ್ಸ್ ತರಿಸಿಕೊಡುತ್ತಾರೆ. ಮನಸ್ಸಿಗೆ ಬಾರದಿದ್ದರೆ ಎಂಟು ದಿನದೊಳಗೆ ವಾಪಸ್ ಕೊಡಬಹುದು.

ಮೊದಲನೆಯದು ಬಂದ ದಿನ ದಿಲೀಪ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಲಗಣ್ಣಿಗೆ ಒತ್ತಿ ನೋಡಿ, ಒಳಗೆ ಮಂಜು ಮಂಜಾಗಿದೆ, ಬೂಷ್ಟು ಹಿಡಿದಿದೆ ಅಂದರು. ನನ್ನನ್ನೂ ಕರೆದು ತೋರಿಸಿದರು. ಲೆನ್ಸ್ ವಾಪಸ್ ಹೋಯಿತು. ಜನವರಿಯಲ್ಲಿ ಬಂದ ಎರಡನೆಯದಕ್ಕೂ ಬೂಷ್ಟು. ಫೆಬ್ರವರಿಯ ಮೂರನೆಯದಕ್ಕೂ ಬೂಷ್ಟು. ಈ ಊರಿನಲ್ಲಿ ಅದನ್ನು ಅನುಮಾನಿಸುವವರು ಯಾರು? ಚಪ್ಪಲಿಗೆ, ಬೆಲ್ಟಿಗೆ, ನನ್ನ ಡಿಗ್ರಿ ಸರ್ಟಿಫಿಕೇಟಿಗೆ, ಎಲ್ಲಕ್ಕೂ ಬೂಷ್ಟೇ. ಅತ್ತೆ ವಸಂತಮ್ಮನವರಂತೂ, ‘ಈ ಸೀಮೇಲಿ ಮನುಷ್ಯರಿಗೆ ಬೂಷ್ಟು ಹಿಡೀದೆ ಇರೋದೇ ದೊಡ್ಡದು, ಇನ್ನು ಗಾಜಿಗೆ ಬಿಡ್ತದಾ’ ಅಂತ ನಕ್ಕಿದ್ದರು. ಒಂದು ರೋಲ್ ಹಾಕಿ ನೋಡೋಣ ಅಂತ ನಾವು ಯಾರೂ ಯೋಚಿಸಲಿಲ್ಲ. ಬೂಷ್ಟು ಹಿಡಿದ ಗಾಜಿಗೆ ಫಿಲ್ಮ್ ಯಾಕೆ ದಂಡ ಅಂತ.

ಮೂರನೆಯದು ವಾಪಸ್ ಹೋದಾಗ ಷಡಕ್ಷರಿಯವರಿಗೆ ರೇಗಿತು. ಆ ಲೆನ್ಸನ್ನು ತಮ್ಮ ಕ್ಯಾಮೆರಾಗೆ ಸಿಕ್ಕಿಸಿ, ತಾವೇ ರೋಲ್ ಹಾಕಿ, ತಮ್ಮ ಹೆಂಡತಿ ಪ್ರೇಮಕುಮಾರಿಯವರನ್ನು ಕೂರಿಸಿ ಫೋಟೋ ತೆಗೆದು, ತೊಳೆಸಿ ತರಿಸಿ, ನಮಗೆ ಬರಹೇಳಿದರು. ಮಾರ್ಚ್ ಮೊದಲ ವಾರ. ಪ್ರಿಂಟನ್ನು ಕೌಂಟರಿನ ಮೇಲಿಟ್ಟು, ‘ಎಂತ ದಿಲೀಪಣ್ಣ, ಬೂಷ್ಟು ಹಿಡಿದ ಲೆನ್ಸಲ್ಲಿ ನಮ್ಮನೆಯವಳ ಮೂಗುಬೊಟ್ಟಿನ ಹರಳು ಎಣಿಸಬಹುದಲ್ಲ’ ಅಂತ ಚುಚ್ಚಿದರು. ನಿಜವಾಗಿ ಎಣಿಸಬಹುದಿತ್ತು, ಏಳು. ದಿಲೀಪ್ ನಗುತ್ತಲೇ ಆ ಲೆನ್ಸನ್ನು ಮತ್ತೆ ಬಲಗಣ್ಣಿಗೆ ಹಿಡಿದರು. ಮಂಜೇ. ಆಗ ಷಡಕ್ಷರಿಯವರ ದನಿ ಬದಲಾಯಿತು.

‘ಒಂದು ಕೆಲಸ ಮಾಡಿ ಮಾರಾಯ್ರೆ. ಆ ಕಣ್ಣು ಮುಚ್ಚಿ, ಈ ಕಣ್ಣಲ್ಲಿ ನೋಡಿ.’

ಇವರು ಎಡಗಣ್ಣಲ್ಲಿ ನೋಡಿದರು. ಮತ್ತೆ ಬಲಗಣ್ಣಲ್ಲಿ. ಮತ್ತೆ ಎಡಗಣ್ಣಲ್ಲಿ. ಆಮೇಲೆ ಲೆನ್ಸಿಗೆ ಮುಚ್ಚಳ ಹಾಕಿ ಮೆಲ್ಲಗೆ ಕೆಳಗಿಟ್ಟು, ‘ಕವನಾ, ಜೀಪು ನೀನು ಓಡಿಸ್ತೀಯಾ?’ ಅಂದರು. ನಾನು ಸ್ಟಿಯರಿಂಗ್ ಹಿಡಿದು ಒಂದು ತಿಂಗಳಾಗಿತ್ತಷ್ಟೆ. ಬಾಳೂರಿನವರೆಗೂ ಸೆಕೆಂಡ್ ಗೇರಿನಲ್ಲೇ ಬಂದೆ. ದಾರಿಯಲ್ಲಿ ಒಮ್ಮೆಯೂ ಇವರು ನನ್ನ ಡ್ರೈವಿಂಗಿಗೆ ಬೈಯಲಿಲ್ಲ.

ಮಂಗಳೂರಿನ ಡಾಕ್ಟರು ಗ್ಲಾಕೋಮಾ ಅಂದರು. ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗುತ್ತಾ ಬಂದಿದೆಯಂತೆ. ಮಂಜು, ದೀಪದ ಸುತ್ತಲ ಕಾಮನಬಿಲ್ಲು, ಎಲ್ಲ ಅದರದೇ ಗುರುತಂತೆ. ಬಲಗಣ್ಣಿನಲ್ಲಿ ಈಗ ಅಂಚಿನ ಒಂದು ಚೂರು ಬೆಳಕು ಮಾತ್ರ ಉಳಿದಿದೆ. ಹೋದದ್ದು ಯಾವ ಆಪರೇಷನ್ನಿಗೂ ಬರುವುದಿಲ್ಲ, ಎಡಗಣ್ಣನ್ನು ಡ್ರಾಪ್ಸ್ ಹಾಕಿ ಕಾಯ್ದುಕೊಳ್ಳಬೇಕು ಅಂದರು. ನನಗೆ ಇಂಗ್ಲಿಷ್ ಬರುತ್ತದೆ ಅಂತ ರಿಪೋರ್ಟನ್ನು ನನ್ನ ಕೈಗೇ ಕೊಟ್ಟರು. ಪ್ರತಿ ಪದವೂ ಅರ್ಥವಾಯಿತು ದಿವಿ, ಅದರಿಂದ ಏನೂ ಪ್ರಯೋಜನವಾಗಲಿಲ್ಲ.

ತೋಟ ಹೂಬಿಟ್ಟಾಗ ನಾವು ಆಸ್ಪತ್ರೆಯ ಬೆಂಚಿನ ಮೇಲಿದ್ದೆವು. ಮನೆಗೆ ಬರುವಷ್ಟರಲ್ಲಿ ಹೂವೆಲ್ಲ ಕಂದು. ಅತ್ತೆ ಮಗನಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟೇ ಬರಲಿಲ್ಲ, ದೊಡ್ಡ ದೃಷ್ಟಿಯೇ ತಾಗಿದೆ ಅಂದರು. ನಾನು ಹಿಂದಿನ ಬಾಗಿಲಿಗೆ ಹೋಗಿ ನಿಂತೆ.

ಈಗ ದಿನಕ್ಕೆ ಎರಡು ಸಲ ನಾನೇ ಡ್ರಾಪ್ಸ್ ಹಾಕುತ್ತೇನೆ. ಎಡಗಣ್ಣಲ್ಲಿ ಫೋಕಸ್ ಮಾಡುವುದನ್ನು ಇವರು ಅಭ್ಯಾಸ ಮಾಡುತ್ತಿದ್ದಾರೆ. ಮೂಗು ಅಡ್ಡ ಬರುತ್ತದೆ ಅಂತ ತಮಾಷೆ ಮಾಡುತ್ತಾರೆ. ನಾನೂ ಜೋರಾಗಿ ನಗುತ್ತೇನೆ. ನಗದೆ ಬೇರೆ ಏನು ಮಾಡಲಿ, ಹೇಳು.

ಪುಟ್ಟಿ ನೂರು ವರ್ಷ ಬಾಳಲಿ, ಅವಳ ಕಣ್ಣು ನಿನ್ನ ಕಣ್ಣಿನಷ್ಟೇ ಚುರುಕಾಗಿರಲಿ. ಅವಳ ಹಣೆಗೆ ನನ್ನದೊಂದು ಮುತ್ತು.

ಯಾವತ್ತಿಗೂ ನಿನ್ನವಳೇ,
ಕವನಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಆಗಲಿಲ್ಲ. ಡಿಸೆಂಬರಿನಲ್ಲಿ ಮೊದಲನೆಯ ಲೆನ್ಸನ್ನು ನನಗೆ ತೋರಿಸಿ, ‘ಕಾಣ್ತದಾ?’ ಅಂತ ಕೇಳಿದ್ದರಲ್ಲ. ನನಗೆ ಏನೂ ಕಂಡಿರಲಿಲ್ಲ, ದಿವಿ. ತಿಳಿ ನೀರಿನ ಹಾಗಿತ್ತು. ಇವರ ಲೋಕದ ಒಳಗೆ ನಾನೂ ಇರಬೇಕು ಅಂತ ಆಸೆಯಾಗಿ, ‘ಹೌದು ಹೌದು, ಜೇಡರ ಬಲೆ ಥರ ಇದೆ’ ಅಂದುಬಿಟ್ಟೆ. ಮಿಕ್ಕ ಎರಡನ್ನು ಇವರು ನನಗೆ ತೋರಿಸಲೂ ಇಲ್ಲ. ಮಂಗಳೂರಿನಲ್ಲಿ ಡಾಕ್ಟರು, ಮಂಜು ಶುರುವಾದಾಗಲೇ ಯಾಕೆ ಬರಲಿಲ್ಲ, ಆಗ ಬಂದಿದ್ದರೆ ಎಷ್ಟೋ ಉಳಿಯುತ್ತಿತ್ತಲ್ಲ ಅಂತ ಕೇಳಿದಾಗ ಇವರು, ‘ನಮ್ಮನೆಯವಳಿಗೂ ಕಂಡಿತ್ತು ಡಾಕ್ಟ್ರೇ, ಅದಕ್ಕೇ ಗಾಜಿಂದೇ ದೋಷ ಅಂದ್ಕೊಂಡೆ’ ಅಂದರು. ನಾನು ಪಕ್ಕದಲ್ಲೇ ಕೂತಿದ್ದೆ. ರಿಪೋರ್ಟನ್ನು ಮಡಿಸಿ ಚೀಲಕ್ಕೆ ಹಾಕಿದೆ.

ನಿನ್ನೆ ಷಡಕ್ಷರಿಯವರು ಮೂರೂ ಲೆನ್ಸನ್ನು ಕಳಿಸಿಕೊಟ್ಟು, ಬೇಕಾದ್ದು ಇಟ್ಟುಕೊಳ್ಳಿ ಅಂದಿದ್ದಾರೆ. ದಿಲೀಪ್ ಮೊದಲನೆಯದನ್ನು ಪಕ್ಕಕ್ಕೆ ಸರಿಸಿ, ‘ಇದೊಂದು ಬೇಡ ಕವನಾ, ಇದರಲ್ಲಿ ನಿಜವಾಗಿ ಬೂಷ್ಟು ಇತ್ತಲ್ಲ, ನೀನೇ ನೋಡಿದ್ದೆ’ ಅಂದರು.